ರಫೇಲ್ ಗೊತ್ತು, ಎಎನ್-32 ಗೊತ್ತಾ?

2020ರ ಜುಲೈ 29. ಅಂಬಾಲಾ ವಾಯುನೆಲೆಗೆ ಐದು ರಫೇಲ್‌ಗಳು ಬಂದಿಳಿದ ದಿನ. ಎಲ್ಲ ಚಾನೆಲ್‌ಗಳಲ್ಲೂ ಬೆಳಗ್ಗೆಯಿಂದ ಸಂಜೆವರೆಗೆ ಅದೇ ಸುದ್ದಿ. ನೀವೂ ನೋಡಿರ್ತೀರಿ. ಅದರ ವೇಗ ಎಷ್ಟು, ಕ್ಷಿಪಣಿ ಎಷ್ಟು ದೂರ ಹೋಗುತ್ತೆ ಅಂತ ನಮ್ಮ ಹಳ್ಳಿ ಹುಡುಗರೂ ಬಾಯಿಪಾಠ ಒಪ್ಪಿಸುತ್ತಾರೆ. ತಪ್ಪೇನಿಲ್ಲ, ಹೆಮ್ಮೆ ಪಡಬೇಕಾದ ವಿಚಾರವೇ. ಆದರೆ ಗಡಿಯಲ್ಲಿ ನಿಂತ ಸೈನಿಕ ಬೆಳಗ್ಗೆ ಎದ್ದರೆ ಅವನಿಗೆ ಬೇಕಾಗಿದ್ದು ಅಕ್ಕಿ, ಬೇಳೆ, ಸೀಮೆಎಣ್ಣೆ, ಔಷಧಿ. ಅದನ್ನು ಹೊತ್ತು ತರುವ ವಿಮಾನದ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅದರ ಹೆಸರು ಎಎನ್-32. ನಾಲ್ಕು ದಶಕಗಳಿಂದ ನಮ್ಮ ವಾಯುಪಡೆಯ ಹಮಾಲಿ ಕೆಲಸ ಮಾಡುತ್ತಿರುವ ವಿಮಾನ ಇದು. ಇಂದು ಇದರ ಕಥೆಯನ್ನೇ ಹೇಳ್ತೀನಿ. ಯಾಕೆ ಅಂದರೆ, ಇದು ಬರೀ ಒಂದು ವಿಮಾನದ ಕಥೆ ಅಲ್ಲ.

ಮೊದಲು ಸ್ವಲ್ಪ ಎಂಜಿನಿಯರಿಂಗ್. ಹೆದರಬೇಡಿ, ಸೂತ್ರ ಬರೆಯುವುದಿಲ್ಲ. ವಿಮಾನ ಹಾರಬೇಕಾದರೆ ಗಾಳಿ ಬೇಕು, ಅದೂ ಮೂರು ಕಡೆ. ರೆಕ್ಕೆಗೆ ಮೇಲೇಳಲು ಗಾಳಿ ಬೇಕು. ಎಂಜಿನ್ನಿಗೆ ಇಂಧನ ಉರಿಸಲು ಗಾಳಿ ಬೇಕು. ಪ್ರೊಪೆಲ್ಲರ್‌ಗೆ ಹಿಂದಕ್ಕೆ ತಳ್ಳಲು ಗಾಳಿ ಬೇಕು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತೆ, ಮೂರಕ್ಕೂ ಒಟ್ಟಿಗೇ ಏಟು ಬೀಳುತ್ತೆ. ಲಡಾಖ್‌ನ ದೌಲತ್ ಬೇಗ್ ಓಲ್ಡಿ ಸಮುದ್ರಮಟ್ಟದಿಂದ 16,600 ಅಡಿಗೂ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಮಂಗಳೂರಿನ ಕಡಲ ತೀರದಲ್ಲಿ ಇರೋದರ ಸುಮಾರು 60 ಪರ್ಸೆಂಟ್ ಅಷ್ಟೇ. ಬಿಸಿಲು ಏರಿದರೆ ಅದೂ ಇಳಿಯುತ್ತೆ. ಬಯಲುಸೀಮೆಯಲ್ಲಿ ಆರಾಮಾಗಿ ಏಳುವ ವಿಮಾನ ಅಲ್ಲಿ ರನ್‌ವೇ ಮುಗಿದರೂ ಏಳದೇ ಇರಬಹುದು.

1970ರ ದಶಕದಲ್ಲಿ ನಮ್ಮ ವಾಯುಪಡೆಯ ತಲೆನೋವು ಇದೇ ಆಗಿತ್ತು. ಡಕೋಟಾ, ಪ್ಯಾಕೆಟ್, ಕ್ಯಾರಿಬೂ ವಿಮಾನಗಳಿಗೆ ವಯಸ್ಸಾಗಿತ್ತು. ಆಗ ಸೋವಿಯತ್ ಒಕ್ಕೂಟದ ಆಂಟೊನೊವ್ ಸಂಸ್ಥೆ ಒಂದು ಉಪಾಯ ಮಾಡಿತು. ತನ್ನ ಬಳಿಯಿದ್ದ ಎಎನ್-26 ವಿಮಾನವನ್ನೇ ತೆಗೆದುಕೊಂಡು ಅದರ ಎಂಜಿನ್ ಬದಲಿಸಿತು. ಹಳೆಯದು ಸುಮಾರು 2,800 ಅಶ್ವಶಕ್ತಿಯದ್ದು, ಹೊಸದು 5,000ಕ್ಕೂ ಹೆಚ್ಚು. ಎಂಜಿನ್ ದೊಡ್ಡದಾದರೆ ಪ್ರೊಪೆಲ್ಲರ್ರೂ ದೊಡ್ಡದಾಗಬೇಕು. ಹಳೆಯ ಜಾಗದಲ್ಲೇ ಕೂರಿಸಿದರೆ ಅದರ ಅಲಗು ನೆಲಕ್ಕೆ ತೀರಾ ಹತ್ತಿರ ಬರುತ್ತೆ. ಏನು ಮಾಡೋದು? ಎಂಜಿನ್ನನ್ನೇ ಎತ್ತಿ ರೆಕ್ಕೆಯ ಮೇಲೆ ಕೂರಿಸಿದರು. ಎಎನ್-32 ಫೋಟೊ ನೋಡಿದರೆ ಎರಡು ಎಂಜಿನ್ ರೆಕ್ಕೆಯ ಹೆಗಲೇರಿ ಕೂತ ಹಾಗೆ ಕಾಣುತ್ತಲ್ಲ, ಕಾರಣ ಇದು.

1976ರ ಜುಲೈನಲ್ಲಿ ಅದು ಮೊದಲು ಹಾರಿತು. ಅದರ ಮೊದಲ ದೊಡ್ಡ ಗಿರಾಕಿ ಭಾರತ. 1984ರಿಂದ ನಮ್ಮಲ್ಲಿ ಸೇವೆಗೆ ಸೇರಿತು, ನೂರಕ್ಕೂ ಹೆಚ್ಚು ವಿಮಾನಗಳು ಬಂದವು. ಸುಮಾರು ಆರೂಮುಕ್ಕಾಲು ಟನ್ ಹೊರುತ್ತೆ, ಇಲ್ಲವೇ 42 ಪ್ಯಾರಾಟ್ರೂಪರ್‌ಗಳನ್ನು ಒಯ್ಯುತ್ತೆ. ಸಾಗಣೆ ವಿಮಾನದ ಪೈಲಟ್‌ಗಳು ನಮ್ಮ ಯಲಹಂಕ ವಾಯುನೆಲೆಯಲ್ಲಿ ಇದರ ಮೇಲೆ ತರಬೇತಿ ಪಡೆದಿದ್ದಾರೆ. 2008ರ ಮೇ 31ರಂದು, ನಾಲ್ಕು ದಶಕಗಳಿಂದ ಸಾಗಣೆ ವಿಮಾನ ಇಳಿಯದೇ ಇದ್ದ ಅದೇ ದೌಲತ್ ಬೇಗ್ ಓಲ್ಡಿಯ ಮಣ್ಣಿನ ರನ್‌ವೇಯಲ್ಲಿ ಇಳಿದಿದ್ದೂ ಇದೇ ಎಎನ್-32.

ಇಷ್ಟೆಲ್ಲ ಕೇಳಿದ ಮೇಲೆ, ಈ ವಿಮಾನದ ಹೆಸರು ಟಿವಿಯಲ್ಲಿ ಯಾವಾಗ ಬರುತ್ತೆ ಅನ್ನೋದನ್ನೂ ಕೇಳಿ. ಅದು ಕಾಣೆಯಾದಾಗ.

2016ರ ಜುಲೈ 22. ಚೆನ್ನೈ ಹತ್ತಿರದ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಿಮಾನ ಬಂಗಾಳ ಕೊಲ್ಲಿಯ ಮೇಲೆ ಮಾಯವಾಯಿತು. ಒಳಗಿದ್ದವರು 29 ಜನ. ವಾರಗಟ್ಟಲೆ ಹುಡುಕಿದರೂ ಏನೂ ಸಿಗಲಿಲ್ಲ. ಸಮುದ್ರದಡಿಯಲ್ಲಿ 3,400 ಮೀಟರ್ ಆಳದಲ್ಲಿ ಅವಶೇಷ ಪತ್ತೆಯಾಗಿದೆ ಎಂಬ ಸುದ್ದಿ ಬಂದಿದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷ! ಅಷ್ಟು ದಿನ ಆ ಮನೆಗಳಲ್ಲಿ ಫೋನ್ ರಿಂಗಾದಾಗಲೆಲ್ಲ ಏನಾಗಿರಬಹುದು, ಯೋಚನೆ ಮಾಡಿ.

2019ರ ಜೂನ್ 3. ಅಸ್ಸಾಂನ ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಗೆ ಹೊರಟ ವಿಮಾನ ಅರ್ಧ ಗಂಟೆಯಲ್ಲಿ ಸಂಪರ್ಕ ಕಳೆದುಕೊಂಡಿತು. 13 ಜನ. ಉಪಗ್ರಹ, ನೌಕಾಪಡೆಯ ವಿಮಾನ, ಹೆಲಿಕಾಪ್ಟರ್ ಎಲ್ಲ ಸೇರಿ ಹುಡುಕಿದರೂ ಸುಮಾರು 12,000 ಅಡಿ ಎತ್ತರದ ಕಾಡಿನಲ್ಲಿ ಅವಶೇಷ ಕಂಡಿದ್ದು ಎಂಟು ದಿನದ ಮೇಲೆ. ಯಾರೂ ಉಳಿದಿರಲಿಲ್ಲ. ಆ ವಿಮಾನ ಇನ್ನೂ ಮೇಲ್ದರ್ಜೆಗೆ ಏರಿರಲಿಲ್ಲ, ಅದರಲ್ಲಿದ್ದ ತುರ್ತು ಸ್ಥಳಸೂಚಕವೂ ಹಳೆಯ ಕಾಲದ್ದು ಎಂದು ಆಗ ವರದಿಗಳು ಬಂದವು.

ಮೇಲ್ದರ್ಜೆಗೆ ಏರಿಸಲು ದುಡ್ಡಿರಲಿಲ್ಲವಾ? ಇತ್ತು. 2009ರಲ್ಲೇ ಉಕ್ರೇನ್ ಜೊತೆ ಸುಮಾರು 40 ಕೋಟಿ ಡಾಲರ್ ಒಪ್ಪಂದ ಆಗಿತ್ತು. ನೂರಕ್ಕೂ ಹೆಚ್ಚು ವಿಮಾನಗಳ ಆಯುಷ್ಯವನ್ನು 40 ವರ್ಷಕ್ಕೆ ಏರಿಸಿ, ಹೊಸ ಉಪಕರಣ ಹಾಕುವ ಕೆಲಸ. 40 ವಿಮಾನಗಳಿಗೆ ಉಕ್ರೇನ್‌ನಲ್ಲೇ, ಉಳಿದವಕ್ಕೆ ಕಾನ್ಪುರದ ವಾಯುಪಡೆ ಡಿಪೋದಲ್ಲಿ. ಆದರೆ 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿತು. ಸೋವಿಯತ್ ಕಾಲದಲ್ಲಿ ಈ ವಿಮಾನದ ಬಿಡಿಭಾಗಗಳು ಒಂದೇ ದೇಶದ ಬೇರೆ ಬೇರೆ ಊರುಗಳಿಂದ ಬರುತ್ತಿದ್ದವು. ಈಗ ಆ ಊರುಗಳು ಎರಡು ಶತ್ರು ದೇಶಗಳಲ್ಲಿವೆ. ಪೂರೈಕೆ ಕುಂಟಿತು, ಕಾನ್ಪುರದ ಕೆಲಸವೂ ಕುಂಟಿತು. 2022ರಲ್ಲಿ ಯುದ್ಧವೇ ಶುರುವಾಯಿತು. ಆಂಟೊನೊವ್‌ನ ತವರು ಕೀವ್ ಮೇಲೇ ಬಾಂಬ್ ಬಿದ್ದವು.

ನಾನು ಹೇಳಬೇಕಾಗಿದ್ದು ಇಷ್ಟೇ. ಯುದ್ಧ ನಮ್ಮದಲ್ಲ, ಜಗಳ ನಮ್ಮದಲ್ಲ. ಆದರೂ ಅದರ ಬಿಸಿ ತಟ್ಟಿದ್ದು ನಮ್ಮ ಹಿಮಾಲಯದ ಪೈಲಟ್‌ಗೆ. ನಮ್ಮ ಬೆಟ್ಟಕ್ಕೆ ಬೇಕಾದ ವಿಮಾನವನ್ನು ನಾವು ಕೊಂಡ್ವಿ, ಅದನ್ನು ಮಾಡುವ ವಿದ್ಯೆಯನ್ನು ಕೊಳ್ಳಲಿಲ್ಲ.

ಬದಲಿ ವಿಮಾನ ಮಾಡುವ ಪ್ರಯತ್ನವೂ ಆಯಿತು. ನಮ್ಮ ಬೆಂಗಳೂರಿನ ಎಚ್‌ಎಎಲ್, ರಷ್ಯಾದ ಕಂಪನಿಗಳ ಜೊತೆ ಸೇರಿ ಹೊಸ ಸಾಗಣೆ ವಿಮಾನ ರೂಪಿಸಲು 2007ರಲ್ಲಿ ಎರಡೂ ಸರ್ಕಾರಗಳು ಒಪ್ಪಿದ್ದವು. ಎಂಜಿನ್ ಯಾವುದಿರಬೇಕು ಎಂಬಲ್ಲೇ ತಕರಾರು ಎದ್ದು, ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟರು. 2021ರಲ್ಲಿ ಹಳೆಯ ಆವ್ರೋಗಳ ಬದಲಿಗೆ 56 ಸಿ-295 ವಿಮಾನಗಳಿಗೆ ಒಪ್ಪಂದ ಆಯಿತು. 16 ಸ್ಪೇನ್‌ನಿಂದ ನೇರ ಬರುವಂಥವು, 40 ವಡೋದರಾದ ಟಾಟಾ ಕಾರ್ಖಾನೆಯಲ್ಲಿ ಆಗುವಂಥವು. 2024ರ ಅಕ್ಟೋಬರ್‌ನಲ್ಲಿ ಆ ಕಾರ್ಖಾನೆ ಉದ್ಘಾಟನೆಯಾಯಿತು. ಖಾಸಗಿ ಕಂಪನಿಯೊಂದು ನಮ್ಮ ನೆಲದಲ್ಲಿ ಸೇನಾ ವಿಮಾನವನ್ನು ಪೂರ್ತಿಯಾಗಿ ಜೋಡಿಸುವುದು ಇದೇ ಮೊದಲು. ಖುಷಿಯ ವಿಷಯ, ಚಪ್ಪಾಳೆ ತಟ್ಟೋಣ.

ಆದರೆ ಮುಂದಿನ ಸಲ ಯಾವುದೇ ವಿಮಾನದ ಸುದ್ದಿ ಬಂದಾಗ ವೇಗ ಎಷ್ಟು, ಬೆಲೆ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಇನ್ನೂ ಎರಡು ಪ್ರಶ್ನೆ ಸೇರಿಸಿ. ಇದರ ಎಂಜಿನ್ ಎಲ್ಲಿಂದ ಬರುತ್ತೆ? ಇಪ್ಪತ್ತು ವರ್ಷ ಆದ ಮೇಲೆ ಬಿಡಿಭಾಗ ಯಾರು ಕೊಡ್ತಾರೆ? ಸಿ-295ರ ಎಂಜಿನ್ ಕೆನಡಾದ್ದು. ಉತ್ತರ ಗೊತ್ತಿದ್ದರೆ ಸಾಲದು, ಅದು ನಮ್ಮ ಕೈಯಲ್ಲೇ ಇರಬೇಕು. ಮೆಚುಕಾದ ಕಣಿವೆಗೆ ಅಕ್ಕಿ ಹೊತ್ತು ಹೋಗುವ ಪೈಲಟ್‌ಗೆ ನಾವು ಅಷ್ಟನ್ನಾದರೂ ಕೊಡಬೇಕು.