ದೀಪಗಳ ಭಾಷೆ

ಮೋಟಾರು ಕಾರಿಗೆ ಇನ್ನೆರಡು ದೀಪಗಳನ್ನು ಹೆಚ್ಚಾಗಿ ಹಾಕಿಸಿದರೆ ತಪ್ಪೇನು, ಬೆಳಕು ಹೆಚ್ಚಿದಷ್ಟೂ ಒಳ್ಳೆಯದಲ್ಲವೆ ಎಂದು ತಾವು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಕಾರಿನ ದೀಪಗಳೆಲ್ಲವೂ ದಾರಿ ತೋರುವುದಕ್ಕಾಗಿ ಇರುವುವಲ್ಲ. ಮುಂದಿನ ದೊಡ್ಡ ದೀಪಗಳು ಆ ಕೆಲಸ ಮಾಡುತ್ತವೆ. ಉಳಿದವು ರಸ್ತೆಯಲ್ಲಿ ಇತರರೊಡನೆ ಮಾತನಾಡುತ್ತವೆ.

ಮಾತಿಗೆ ಅರ್ಥ ಬರುವುದು ಸಂಕೇತದಿಂದ, ಎಂದರೆ ಆಡುವವನೂ ಕೇಳುವವನೂ ಒಪ್ಪಿಕೊಂಡ ಕಟ್ಟಿನಿಂದ. ದೀಪಗಳ ಮಾತಿಗೆ ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ವ್ಯಾಕರಣ. ತಿರುಗುವ ಸೂಚನೆಯ ದೀಪ ಹಳದಿಗೆಂಪಾಗಿರಬೇಕು; ನಿಮಿಷಕ್ಕೆ 60ಕ್ಕೆ ಕಡಮೆಯಿಲ್ಲದೆ, 120ನ್ನು ಮೀರದೆ ಮಿನುಗಬೇಕು. ನಿಲ್ಲುವ ಸೂಚನೆ ಕೆಂಪು. ಸಾಮಾನ್ಯ ವಾಹನದ ಮುಂಭಾಗದಲ್ಲಿ ಕೆಂಪು ಬೆಳಕು ಕೂಡದು. ಹಿಂಭಾಗದಲ್ಲಿ ಕೆಂಪಲ್ಲದ ಬೆಳಕು ಕೂಡದು. ತಿರುಗುವ ಸೂಚನೆ, ಹಿಂದಕ್ಕೆ ಚಲಿಸುವಾಗಿನ ಬಿಳಿ ದೀಪ, ನಂಬರು ಫಲಕದ ದೀಪ ಇಂಥವು ಮಾತ್ರ ಇದಕ್ಕೆ ಹೊರತು. ನೋಂದಣಿ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಮುಂದೆ ಶೋಧಕ ದೀಪವನ್ನು ಕಟ್ಟುವಂತಿಲ್ಲ.

ಆದಿತ್ಯನಗರದಿಂದ ಸೇಡಂ ಕಡೆಗೆ ಕತ್ತಲಾದ ಮೇಲೆ ಹೋಗುವವರು ಇದನ್ನು ಮನಸ್ಸಿಗೆ ತಂದುಕೊಳ್ಳಿರಿ. ಸಿಮೆಂಟಿನ ಲಾರಿಗಳ ನಡುವೆ ಎತ್ತಿನ ಗಾಡಿಯೊಂದು ಮೆಲ್ಲಗೆ ಸಾಗುತ್ತಿದೆ. ಹಿಂದಿನಿಂದ ಬರುವವನಿಗೆ ಮುಂದಿನ ಕಾರಿನ ನೀಲಿ, ಹಸಿರು ದೀಪಗಳು ಕಾಣುತ್ತವೆ. ಅದು ನಿಲ್ಲುತ್ತಿದೆಯೋ, ತಿರುಗುತ್ತಿದೆಯೋ, ಬರಿಯ ಅಲಂಕಾರವೋ? ಇದನ್ನು ಯೋಚಿಸುವ ಒಂದು ಗಳಿಗೆಯಲ್ಲಿಯೇ ಗಾಡಿಯವನ ಪ್ರಾಣ ನಿಂತಿದೆ.

ಹತ್ತಿರದ ಮಳಖೇಡವೇ ಅಂದಿನ ಮಾನ್ಯಖೇಟ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕಾವ್ಯದ ದೋಷಗಳನ್ನು ಕುರಿತೇ ಮೊದಲು ಹೇಳುತ್ತದೆ. ಬೇಡದ ಪದವನ್ನು ತುರುಕುವುದನ್ನು ಅಲಂಕಾರಶಾಸ್ತ್ರದಲ್ಲಿ ಅಧಿಕಪದದೋಷವೆನ್ನುವರು. ಕಾವ್ಯದಲ್ಲಿ ಅದರಿಂದ ರಸ ಕೆಡುತ್ತದೆ. ರಸ್ತೆಯಲ್ಲಿ ಜೀವವೇ ಹೋಗಬಹುದು.

ಇನ್ನೊಂದು ಸೂಕ್ಷ್ಮವುಂಟು. ತಿರುಗುವ ದೀಪದ ಒಂದು ಬಲ್ಬು ಸುಟ್ಟುಹೋದರೆ ಅನೇಕ ಕಾರುಗಳಲ್ಲಿ ಆ ಬದಿಯ ಮಿನುಗು ಬಿರುಸಾಗುತ್ತದೆ. ಅದು ಚಾಲಕನಿಗೆ ಎಚ್ಚರಿಕೆ. ಅದೇ ತಂತಿಗೆ ಹೊರಗಿನ ದೀಪಗಳನ್ನು ಜೋಡಿಸಿದರೆ ಆ ಎಚ್ಚರಿಕೆ ಮರೆಯಾಗಬಹುದು.

ಹಾಗಾದರೆ ಹೆಚ್ಚಿನ ದೀಪವೆಲ್ಲ ಕೆಟ್ಟದ್ದೆ? ಅಲ್ಲ. ಅಮೆರಿಕದಲ್ಲಿ 1986ರ ಮಾದರಿಯಿಂದ ಹೊಸ ಕಾರುಗಳ ಹಿಂದೆ, ನಡುವೆ ಎತ್ತರದಲ್ಲಿ, ಮೂರನೆಯ ಬ್ರೇಕು ದೀಪವನ್ನು ಕಡ್ಡಾಯಗೊಳಿಸಿದರು. ಹಿಂದಿನಿಂದ ಡಿಕ್ಕಿ ಹೊಡೆಯುವುದು ಅದರಿಂದ ಕೊಂಚ ತಗ್ಗಿತು. ಎಲ್ಲ ಕಾರುಗಳಲ್ಲಿಯೂ ಅದಕ್ಕೆ ಒಂದೇ ಸ್ಥಳ, ಒಂದೇ ಬಣ್ಣ, ಒಂದೇ ಅರ್ಥ. ಗುಣ ಬಂದುದು ಅದರಿಂದ.

ಕಾಯಿದೆಯೂ ಸುಮ್ಮನಿಲ್ಲ. ನಿಯಮಕ್ಕೆ ಒಪ್ಪದ ಮಾರ್ಪಾಟು ಮಾಡಿಸಿದ ಮಾಲೀಕನಿಗೆ, 2019ರ ತಿದ್ದುಪಡಿಯ ಮೇರೆಗೆ, ಮಾರ್ಪಾಟು ಒಂದಕ್ಕೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಗಣ್ಯರ ಕಾರುಗಳ ನೆತ್ತಿಯ ಕೆಂಪು ದೀಪಕ್ಕೂ 2017ರ ಮೇ 1ರಿಂದ ಅವಕಾಶ ತಪ್ಪಿತು.

ಆದುದರಿಂದ ಹೊಸ ದೀಪಕ್ಕೆ ಹಣ ತೆರುವ ಮೊದಲು ಇರುವ ದೀಪಗಳ ಧೂಳನ್ನು ಒರೆಸಿರಿ. ಮನೆಯವರಲ್ಲಿ ಒಬ್ಬರನ್ನು ಕಾರಿನ ಹಿಂದೆ ದೂರದಲ್ಲಿ ನಿಲ್ಲಿಸಿ, ತಾವು ಬ್ರೇಕು ತುಳಿದು, ಎಡಬಲದ ಸೂಚನೆ ಕೊಟ್ಟು, ಎಲ್ಲವೂ ಕಾಣುತ್ತಿವೆಯೆ ಎಂದು ಕೇಳಿರಿ. ಇದಕ್ಕೆ ತಗಲುವುದು ಎರಡೇ ನಿಮಿಷ.