ಟರ್ಬೋ ಬೇಕಿದ್ದರೆ ಕಾರು ಕೊಳ್ಳುವ ದಿನವೇ ನಿರ್ಧರಿಸಿ

ಮುಂಬಯಿ: ಚೌತಿ, ನೇಮ, ಮದುವೆ-ಮುಂಜಿ ಎಂದು ವರ್ಷಕ್ಕೆ ಎರಡು ಮೂರು ಬಾರಿ ಸ್ವಂತ ಕಾರಿನಲ್ಲೇ ಊರಿಗೆ ಹೊರಡುವ ಕನ್ನಡಿಗ ಕುಟುಂಬಗಳು ಮುಂಬಯಿ, ಪುಣೆಗಳಲ್ಲಿ ಸಾಕಷ್ಟಿವೆ. ಐದು ಮಂದಿ ಕುಳಿತು, ಡಿಕ್ಕಿ ತುಂಬ ಸಾಮಾನು ಹೇರಿ, ಎ.ಸಿ. ಹಾಕಿಕೊಂಡು ಪರಶುರಾಮ ಘಾಟಿಯನ್ನೋ ಖಂಬಾಟ್ಕಿ ಘಾಟಿಯನ್ನೋ ಏರುವಾಗ ಸಣ್ಣ ಪೆಟ್ರೋಲ್ ಎಂಜಿನ್ ಏದುಸಿರು ಬಿಡುವುದು ಹಲವರ ಅನುಭವ. ಹಾಗಾಗಿಯೇ ಹೊಸ ಕಾರಿನ ಮಾತು ಬಂದಾಗ ಮನೆಯ ಯುವಕರು, 'ಈಗ ಕಡಿಮೆ ಬೆಲೆಯ ಮಾದರಿ ಸಾಕು, ಹಣ ಕೂಡಿದ ಮೇಲೆ ಟರ್ಬೋ ಹಾಕಿಸೋಣ' ಎನ್ನುವುದುಂಟು. ಕೇಳಲು ಚೆನ್ನಾಗಿರುವ ಈ ಲೆಕ್ಕಾಚಾರ ಕೈಕೊಡುವುದೇ ಹೆಚ್ಚು.

ಟರ್ಬೋಚಾರ್ಜರ್ ಹೊಸ ಸಾಧನವೇನಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೆಚ್ಚಿನ ಗಾಳಿಯನ್ನು ಎಂಜಿನ್ನಿನೊಳಗೆ ಒತ್ತುತ್ತದೆ. ಗಾಳಿ ಹೆಚ್ಚಿದಷ್ಟು ಇಂಧನ ಉರಿಸಬಹುದು, ಶಕ್ತಿ ಹೆಚ್ಚುತ್ತದೆ.

ತೊಡಕು ಇರುವುದು ಇಲ್ಲಿಯೇ. ಟರ್ಬೋ ಇಲ್ಲದ ಇಂದಿನ ಪೆಟ್ರೋಲ್ ಎಂಜಿನ್‌ಗಳು ಮೈಲೇಜ್ ಸಲುವಾಗಿ ಗಾಳಿ-ಇಂಧನದ ಮಿಶ್ರಣವನ್ನು ಮೊದಲೇ ಬಹಳವಾಗಿ ಅದುಮುತ್ತವೆ. ಕಂಪ್ರೆಷನ್ ರೇಶಿಯೋ 11, 12ರವರೆಗೂ ಇರುತ್ತದೆ. ಅದರ ಮೇಲೆ ಟರ್ಬೋದ ಒತ್ತಡವೂ ಸೇರಿದರೆ ಮಿಶ್ರಣ ಸಮಯಕ್ಕೆ ಮುನ್ನವೇ ಸಿಡಿದು ಪಿಸ್ಟನ್ ಹಾಳಾಗಬಹುದು. ಕಾರ್ಖಾನೆಗಳೇ ಇದರ ಪಾಠ ಕಲಿತಿವೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ತನ್ನ ಜೆಟ್‌ಫೈರ್ ಕಾರಿಗೆ ಟರ್ಬೋ ಅಳವಡಿಸಿದಾಗ ಈ ಸಿಡಿತ ತಡೆಯಲು ನೀರು, ಮೆಥನಾಲ್ ಬೆರೆಸಿದ ದ್ರವದ ಪ್ರತ್ಯೇಕ ಟ್ಯಾಂಕ್ ಇಡಬೇಕಾಯಿತು. ಅದನ್ನು ತುಂಬಿಸಲು ಮಾಲೀಕರು ಮರೆತರು. ಮಾದರಿ ಎರಡೇ ವರ್ಷಗಳಲ್ಲಿ ನಿಂತಿತು.

ನಮ್ಮಲ್ಲಿಯೂ ಉದಾಹರಣೆಯಿದೆ. 2017ರಲ್ಲಿ ಮಾರುತಿ ಕಂಪನಿ ಬಲೆನೋ ಆರ್‌ಎಸ್ ಹೊರತಂದಾಗ ಇದ್ದ 1.2 ಲೀಟರ್ ಎಂಜಿನ್ನಿಗೆ ಟರ್ಬೋ ಸಿಕ್ಕಿಸಲಿಲ್ಲ. ಟರ್ಬೋಗೆಂದೇ ರೂಪಿಸಿದ 1.0 ಲೀಟರ್ ಎಂಜಿನ್ ಇರಿಸಿತು. ಸಾಮಾನ್ಯ ಬಲೆನೋದಲ್ಲಿ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇದ್ದರೆ, ಆರ್‌ಎಸ್‌ನಲ್ಲಿ ನಾಲ್ಕಕ್ಕೂ ಡಿಸ್ಕ್ ಬ್ರೇಕ್. ವೇಗ ಹೆಚ್ಚಿಸುವವರು ನಿಲ್ಲಿಸುವ ಶಕ್ತಿಯನ್ನೂ ಹೆಚ್ಚಿಸಬೇಕಲ್ಲವೇ? ಗ್ಯಾರೇಜಿನಲ್ಲಿ ಟರ್ಬೋ ಹಾಕಿಸುವವರಿಗೆ ಇಂಟರ್‌ಕೂಲರ್, ಕ್ಲಚ್, ಬ್ರೇಕ್, ಎಂಜಿನ್ ಕಂಪ್ಯೂಟರಿನ ಮರುಹೊಂದಾಣಿಕೆ ಎಂದು ಖರ್ಚಿನ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಕಂಪನಿಯ ವಾರಂಟಿಗೂ ಧಕ್ಕೆ.

ಇನ್ನು ಕಾನೂನು. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ನಿಯಮ ಮೀರಿದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ವಿಮಾ ಕಂಪನಿಗೆ ತಿಳಿಸದೆ ಎಂಜಿನ್ ಬದಲಿಸಿದ ಕಾರು ಅಪಘಾತಕ್ಕೀಡಾದರೆ ಪರಿಹಾರದ ಅರ್ಜಿ ತಿರಸ್ಕೃತವಾಗುವ ಭಯವೂ ಇದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೋಗುವ ಗೃಹಸ್ಥನಿಗೆ ಇದು ಸಣ್ಣ ವಿಚಾರವಲ್ಲ.

ಹಾಗಾದರೆ ಶ್ರೇಣಿ ಆರಿಸುವುದು ಹೇಗೆ? ಒಂದೇ ಕಾರಿನ ಕೆಳ ಮತ್ತು ಮೇಲಿನ ಶ್ರೇಣಿಗಳ ನಡುವಿನ ಬೆಲೆ ವ್ಯತ್ಯಾಸ ಬಹುಪಾಲು ಪರದೆ, ಸನ್‌ರೂಫ್, ಸೀಟಿನ ಹೊದಿಕೆಗಳಿಗೆ ಸೇರಿದ್ದು. ಎಂಜಿನ್ ಬದಲಾಗುವುದು ಕೆಲವು ಮಾದರಿಗಳಲ್ಲಿ ಮಾತ್ರ. 2023ರಲ್ಲಿ ಮಾರುಕಟ್ಟೆಗೆ ಬಂದಾಗ ಮಾರುತಿ ಫ್ರಾಂಕ್ಸ್ ಕಾರಿನ ಡೆಲ್ಟಾ ಪ್ಲಸ್ ಶ್ರೇಣಿಯಲ್ಲಿ ಎರಡೂ ಎಂಜಿನ್ ಲಭ್ಯವಿದ್ದವು. ಟರ್ಬೋ ರಹಿತ 1.2 ಲೀಟರಿನದು ಸುಮಾರು 90 ಅಶ್ವಶಕ್ತಿ, 113 ನ್ಯೂಟನ್ ಮೀಟರ್ ಟಾರ್ಕ್, 1.0 ಲೀಟರ್ ಟರ್ಬೋದ್ದು ಸುಮಾರು 100 ಅಶ್ವಶಕ್ತಿ, 148 ನ್ಯೂಟನ್ ಮೀಟರ್. ಘಾಟಿಯಲ್ಲಿ ನೆರವಾಗುವುದು ಆ ಎರಡನೆಯ ಅಂಕಿ. ಅದೂ ಟರ್ಬೋದಲ್ಲಿ ಎಂಜಿನ್ನಿನ ಕಡಿಮೆ ವೇಗದಲ್ಲೇ ದೊರೆಯುತ್ತದೆ.

ಆದ್ದರಿಂದ ಸೂತ್ರ ಸರಳ. ಮುಂದೆ ಹಾಕಿಸಬಹುದಾದದ್ದನ್ನು ಮುಂದಕ್ಕೆ ಬಿಡಿ, ಹಾಕಿಸಲಾಗದ್ದನ್ನು ಮೊದಲೇ ಕೊಳ್ಳಿ. ಟಚ್‌ಸ್ಕ್ರೀನ್, ಹಿಂಬದಿ ಕ್ಯಾಮೆರಾ, ಸೀಟ್ ಕವರ್ ಎಂದಾದರೂ ಬರುತ್ತವೆ. ಎಂಜಿನ್, ಏರ್‌ಬ್ಯಾಗ್‌ಗಳು ಶೋರೂಮಿನಿಂದಲೇ ಬರಬೇಕು. ಹಣ ಸೀಮಿತವಾಗಿದ್ದರೆ ಟರ್ಬೋ ರಹಿತ ಮೇಲ್ ಶ್ರೇಣಿಗಿಂತ ಟರ್ಬೋ ಇರುವ ಕೆಳ ಶ್ರೇಣಿ ಊರಿನ ದಾರಿಗೆ ಲೇಸು. ಕೊಂಡ ಮೇಲೆ ಕಂಪನಿ ಸೂಚಿಸಿದ ದರ್ಜೆಯ ಎಂಜಿನ್ ಆಯಿಲನ್ನು ಸಮಯಕ್ಕೆ ಸರಿಯಾಗಿ ಬದಲಿಸಬೇಕು. ಅತಿ ವೇಗದಲ್ಲಿ ತಿರುಗುವ ಟರ್ಬೋಗೆ ಎಣ್ಣೆಯೇ ಜೀವ. ಅಂಧೇರಿಯಿಂದ ಠಾಣೆಯವರೆಗಿನ ದಿನನಿತ್ಯದ ಓಡಾಟವಷ್ಟೇ ಇರುವವರಿಗೆ ಸಾಮಾನ್ಯ ಎಂಜಿನ್ ಧಾರಾಳ ಸಾಕು.

ಆರೋಗ್ಯ ಶಿಬಿರ, ವಿದ್ಯಾರ್ಥಿ ವೇತನ ವಿತರಣೆಯಂಥ ಕಾರ್ಯಗಳಿಂದ ಸಮಾಜಕ್ಕೆ ನೆರವಾಗುತ್ತಿರುವ ನಮ್ಮ ಸಂಘ-ಸಂಸ್ಥೆಗಳು ಯುವ ವಿಭಾಗದ ಮೂಲಕ ವಾಹನ ಖರೀದಿ, ವಿಮೆ, ಕಾನೂನು ಕುರಿತು ಒಂದು ಮಾಹಿತಿ ಕಾರ್ಯಕ್ರಮ ಏರ್ಪಡಿಸಿದರೆ ಸದಸ್ಯರಿಗೆ ಪ್ರಯೋಜನವಾಗುವುದರಲ್ಲಿ ಸಂದೇಹವಿಲ್ಲ. ಮುಂದಿನ ಚೌತಿಗೆ ಹೊಸ ಕಾರಿನಲ್ಲಿ ಊರು ಸೇರುವ ಕನಸು ಕಾಣುತ್ತಿರುವವರು ಬುಕಿಂಗ್‌ಗೆ ಮುನ್ನ ಮನೆಮಂದಿಯೊಂದಿಗೆ ಕುಳಿತು ಈ ಲೆಕ್ಕ ಹಾಕುವುದು ಒಳಿತು.