ಹಳೆ ಗಾಡಿಯ ಆಯಿಲ್ ಸೋರಿಕೆ: ಪಾನಾ ಹಿಡಿಯುವ ಮೊದಲು ಮೂಲ ಹುಡುಕೋಣ



ಚಿಪ್ಪಗಿರಿ, ಆಲೂರು, ಆದೋನಿ, ಗುಂತಕಲ್ಲು, ಆ ಕಡೆ ಬಳ್ಳಾರಿ, ರಾಯಚೂರು. ನಮ್ಮ ಸಂಘದ ಸದಸ್ಯರು ಇರುವ ಯಾವ ಊರಿಗೆ ಹೋದರೂ ಹದಿನೈದು ವರ್ಷ ದಾಟಿದ ಮೋಟರ್ ಸೈಕಲ್ ಕಣ್ಣಿಗೆ ಬೀಳುತ್ತದೆ. ಹೊಲಕ್ಕೆ ಹೋಗಲು, ಆದೋನಿ ಹತ್ತಿ ಮಾರುಕಟ್ಟೆಗೆ ಓಡಾಡಲು, ಮಕ್ಕಳನ್ನು ಶಾಲೆಗೆ ಬಿಡಲು, ಆರಾಧನೆಯ ಹೊತ್ತಿಗೆ ವಿಜಯದಾಸರ ಕಟ್ಟೆಗೆ ಬರಲು ಬಹಳ ಮನೆಗಳಲ್ಲಿ ಇರುವುದು ಅದೊಂದೇ ಗಾಡಿ. ಅದು ನಿಂತರೆ ಮನೆಯ ಕೆಲಸವೂ ನಿಲ್ಲುತ್ತದೆ.

ಹಳೆ ಗಾಡಿ ಎಂದರೆ ಆಯಿಲ್ ಸೋರುವುದೇ ಎಂದು ಬಹಳ ಜನ ಸುಮ್ಮನಿರುತ್ತಾರೆ. ಗಾಡಿ ಕೆಳಗೆ ಒಂದು ರಟ್ಟು ಹಾಕಿ, ತಿಂಗಳಿಗೊಮ್ಮೆ ಸ್ವಲ್ಪ ಆಯಿಲ್ ಸುರಿದು ಕಾಲ ಕಳೆಯುತ್ತಾರೆ. ಇದರಲ್ಲಿ ಎರಡು ಅಪಾಯಗಳಿವೆ. ನಾಲ್ಕು ಸ್ಟ್ರೋಕಿನ ನೂರು ಸಿಸಿ ಗಾಡಿಯಲ್ಲಿ ಇರುವುದೇ ಒಂದು ಲೀಟರಿಗಿಂತ ಕಡಿಮೆ ಆಯಿಲ್. ಸ್ಪ್ಲೆಂಡರಿನಂಥ ಗಾಡಿಗೆಂದು 900 ಮಿ.ಲೀ. ಡಬ್ಬಿಯೇ ಬರುತ್ತದೆ. ಅದರಲ್ಲಿ ಮುನ್ನೂರು ನಾನ್ನೂರು ಮಿ.ಲೀ. ಸೋರಿ ಹೋದರೆ ನಮ್ಮ ಬೇಸಿಗೆಯಲ್ಲಿ ಹೆಡ್ಡಿನ ಭಾಗ ಒಣಗಿ ಸವೆಯುತ್ತದೆ, ಕೊನೆಗೆ ಇಂಜಿನ್ ಹಿಡಿದುಕೊಳ್ಳುತ್ತದೆ. ಎರಡನೆಯದು, ಸೋರಿದ ಆಯಿಲ್ ಗಾಳಿಗೆ ಹಿಂದಕ್ಕೆ ಹಾರಿ ಹಿಂದಿನ ಟೈರು, ಬ್ರೇಕಿನ ಮೇಲೆ ಬಿದ್ದರೆ ತಿರುವಿನಲ್ಲಿ ಗಾಡಿ ಜಾರುತ್ತದೆ. ಮೊದಲನೆಯದರಲ್ಲಿ ಹೋಗುವುದು ದುಡ್ಡು. ಎರಡನೆಯದರಲ್ಲಿ ಕೈಕಾಲು.

ಒಳ್ಳೆಯ ಸಂಗತಿ ಏನೆಂದರೆ, ಸೋರಿಕೆಗಳಲ್ಲಿ ಬಹಳಷ್ಟು ಒಂದು ವಾಷರ್, ಒಂದು ರಬ್ಬರ್ ರಿಂಗ್ ಅಥವಾ ಕಟ್ಟಿಕೊಂಡ ಒಂದು ಪೈಪಿನಿಂದ ಆದವು. ಮನೆಯಲ್ಲೇ ಸರಿಯಾಗುತ್ತವೆ. ಆದರೆ ಮೊದಲು ಎಲ್ಲಿಂದ ಸೋರುತ್ತಿದೆ ಎಂದು ಗೊತ್ತಾಗಬೇಕು. ಮೂಲ ನೋಡದೆ ಕಂಡ ಬೋಲ್ಟನ್ನೆಲ್ಲಾ ಬಿಗಿಸುವುದೇ ಹಳೆ ಇಂಜಿನ್ನಿಗೆ ನಾವು ಮಾಡುವ ದೊಡ್ಡ ಅನ್ಯಾಯ. ಇಂಜಿನ್ನಿನ ಕೇಸು ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಜಿದ್ದಿಗೆ ಬಿದ್ದರೆ ಸೋಲುವುದು ಅಲ್ಯೂಮಿನಿಯಂ. ಒಮ್ಮೆ ಥ್ರೆಡ್ ಹೋಯಿತೆಂದರೆ ಹತ್ತು ರೂಪಾಯಿಯ ಕೆಲಸ ಲೇತಿನ ಅಂಗಡಿ ಹತ್ತುತ್ತದೆ.

ಮೂಲ ಹುಡುಕುವುದು ಹೇಗೆ?

ಆಯಿಲ್ ಕೆಳಗೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಹನಿ ಬೀಳುವ ಜಾಗ ಸೋರುವ ಜಾಗವಾಗಿರಬೇಕೆಂದಿಲ್ಲ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವುದೇ ಮೂಲ. ನಮ್ಮ ಎರೆಮಣ್ಣಿನ ಕೆಸರು ಆಯಿಲ್ ಜತೆ ಸೇರಿ ಇಂಜಿನ್ ಮೇಲೆ ಗಟ್ಟಿ ಪದರ ಕಟ್ಟಿರುತ್ತದೆ. ಅದಿರುವ ತನಕ ಏನೂ ಕಾಣುವುದಿಲ್ಲ.

ಹೀಗೆ ಮಾಡಿ:

1. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಿನಲ್ಲಿ, ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬ್ರಷ್ಷಿನಿಂದ ಮಣ್ಣು ಜಿಡ್ಡು ತೆಗೆಯಿರಿ. ಹತ್ತಿರ ಬೀಡಿ, ಬೆಂಕಿ ಬೇಡ. ಬ್ರೇಕ್ ಡ್ರಮ್ಮಿಗೆ ತಾಗದಂತೆ ನೋಡಿಕೊಳ್ಳಿ. ಸೋಪು ನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಿ.
2. ಅನುಮಾನ ಇರುವ ಜೋಡಣೆಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ತೆಳುವಾಗಿ ಉದುರಿಸಿ. ಸುಣ್ಣದಕಡ್ಡಿ ಪುಡಿಯೂ ಆಗುತ್ತದೆ.
3. ಗಾಡಿಯನ್ನು ಎರಡು ಕಾಲಿನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕೆಳಗೆ ಹಳೆ ಪೇಪರ್ ಹಾಸಿ, ಹತ್ತು ನಿಮಿಷ ಇಂಜಿನ್ ಓಡಿಸಿ. ಮುಚ್ಚಿದ ಕೋಣೆಯಲ್ಲಿ ಓಡಿಸಲೇಬೇಡಿ, ಹೊಗೆ ಪ್ರಾಣ ತೆಗೆಯುತ್ತದೆ.
4. ಪೌಡರ್ ಮೊದಲು ಎಲ್ಲಿ ಕಪ್ಪಾಗುತ್ತದೆ ನೋಡಿ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕಾಣದಿದ್ದರೆ ಹತ್ತು ಕಿಲೋಮೀಟರ್ ಓಡಿಸಿ ಬಂದು ಮತ್ತೆ ನೋಡಿ.

ಮೆಕ್ಯಾನಿಕ್ ಹತ್ತಿರವೇ ಹೋಗಬೇಕಾಗಿ ಬಂದರೂ ಆ ಫೋಟೋ ತೋರಿಸಿದರೆ ಅರ್ಧ ಕೆಲಸ ಮುಗಿದಂತೆ. "ಇಂಜಿನ್ ಪೂರಾ ಬಿಚ್ಚಬೇಕು" ಎನ್ನುವ ಮಾತು ಬರುವುದು ಕಡಿಮೆಯಾಗುತ್ತದೆ.

ಮನೆಯಲ್ಲೇ ಆಗುವ ಕೆಲಸಗಳು

ಮೊದಲು ಆಯಿಲ್ ಮಟ್ಟ ನೋಡಿ. ಕಡಿಮೆ ಇದ್ದರೆ ಎಷ್ಟು ತೊಂದರೆಯೋ, ಹೆಚ್ಚಾದರೂ ಅಷ್ಟೇ. ಹೆಚ್ಚಾದ ಆಯಿಲ್ ಒಳಗೆ ನೊರೆಯಾಗಿ ಬ್ರೀದರ್ ಪೈಪಿನಿಂದ ಹೊರಗೆ ಬರುತ್ತದೆ, ನಾವು ಅದನ್ನು ಸೋರಿಕೆ ಎಂದುಕೊಳ್ಳುತ್ತೇವೆ. ಹಳೆ ಹೀರೋ ಹೋಂಡಾ ಗಾಡಿಗಳಲ್ಲಿ ಇಂಜಿನ್ ಸ್ವಲ್ಪ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು ನೋಡಬೇಕು. ಗಾಡಿ ನೆಟ್ಟಗೆ ನಿಂತಿರಬೇಕು. ಕಡ್ಡಿಯನ್ನು ಒರೆಸಿ, ತಿರುಗಿಸದೆ ಸುಮ್ಮನೆ ಒಳಗಿಟ್ಟು ತೆಗೆಯಬೇಕು.

ಎರಡನೆಯದು ಬ್ರೀದರ್. ಪಿಸ್ಟನ್ ಆಡುವಾಗ ಕೇಸಿನೊಳಗೆ ಗಾಳಿ ಒತ್ತುತ್ತದೆ, ಅದು ಹೊರಗೆ ಹೋಗಲು ಇರುವ ದಾರಿ ಈ ಪೈಪು. ಮಣ್ಣು ಕಟ್ಟಿದರೆ ಅಥವಾ ಎಲ್ಲೋ ಮಡಿಚಿಕೊಂಡರೆ ಒತ್ತಡ ಹೆಚ್ಚಿ, ಗಟ್ಟಿಯಾಗಿದ್ದ ಪ್ಯಾಕಿಂಗ್, ಸೀಲುಗಳಿಂದಲೂ ಆಯಿಲ್ ಜಿನುಗುತ್ತದೆ. ಒಂದೇ ಸಲ ಮೂರು ನಾಲ್ಕು ಕಡೆ ಸೋರಲು ಶುರುವಾದರೆ ಮೊದಲು ಈ ಪೈಪು ಬಿಚ್ಚಿ ಊದಿ ನೋಡಿ. ಇದಕ್ಕೆ ಖರ್ಚು ಏನೂ ಇಲ್ಲ.

ಮೂರನೆಯದು ಕೆಳಗಿನ ಡ್ರೈನ್ ಬೋಲ್ಟು. ಆಯಿಲ್ ಬದಲಿಸಿದಾಗಲೆಲ್ಲಾ ಇದರ ವಾಷರ್ ಹೊಸದು ಹಾಕುವುದು ಒಳ್ಳೆಯದು. ತಾಮ್ರದ ವಾಷರ್ ಆದರೆ ಒಂದು ಉಪಾಯವಿದೆ: ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ, ಬಿಗಿಸಿದಾಗ ಚೆನ್ನಾಗಿ ಕೂರುತ್ತದೆ. ಅಲ್ಯೂಮಿನಿಯಂ ವಾಷರಿಗೆ ಇದನ್ನು ಮಾಡಬೇಡಿ, ಕರಗಿ ಹೋಗುತ್ತದೆ. ಬೋಲ್ಟನ್ನು ಮೊದಲು ಕೈಬೆರಳಿನಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಗಿಡ್ಡ ಪಾನಾದಿಂದ ಬಿಗಿಸಿ. ಪಾನಾಕ್ಕೆ ಪೈಪು ಸಿಕ್ಕಿಸಿ ಒತ್ತುವ ಕೆಲಸ ಬೇಡ.

ನಾಲ್ಕನೆಯದು ಸೈಡ್ ಕವರಿನ ಪ್ಯಾಕಿಂಗ್. ಹಳೆಯದನ್ನು ಕೆರೆಯುವಾಗ ಸ್ಕ್ರೂ ಡ್ರೈವರ್ ಬಳಸಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು, ಹೊಸ ಪ್ಯಾಕಿಂಗ್ ಹಾಕಿದರೂ ಅಲ್ಲಿಂದಲೇ ಸೋರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಬೋಲ್ಟುಗಳು ಬೇರೆ ಬೇರೆ ಉದ್ದ ಇರುತ್ತವೆ. ಒಂದು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಬಿಚ್ಚಿದ ಜಾಗದಲ್ಲೇ ತೂತು ಮಾಡಿ ಚುಚ್ಚಿಡಿ. ಹಾಕುವಾಗ ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಸಿ.

ಇಲ್ಲೊಂದು ಎಚ್ಚರಿಕೆ. ಟ್ಯೂಬಿನಲ್ಲಿ ಬರುವ ಸಿಲಿಕಾನ್ ಅಂಟನ್ನು ಧಾರಾಳವಾಗಿ ಹಚ್ಚಿದರೆ ಹೊರಗೆ ಬಂದಷ್ಟೇ ಒಳಗೂ ಬರುತ್ತದೆ. ಒಳಗಿನ ತುಣುಕು ಕಿತ್ತು ಆಯಿಲ್ ಹೋಗುವ ಸಣ್ಣ ತೂತಿಗೆ ಸಿಕ್ಕಿಕೊಂಡರೆ ಇಂಜಿನ್ನೇ ಹೋಗುತ್ತದೆ. ಕಾಗದದ ಪ್ಯಾಕಿಂಗ್ ಸರಿಯಿದ್ದರೆ ಅಂಟು ಬೇಕಾಗುವುದಿಲ್ಲ. ಹೊರಗಿನಿಂದ ಎಂ-ಸೀಲ್ ಮೆತ್ತುವುದು ಊರು ಸೇರುವ ತನಕದ ಉಪಾಯ ಮಾತ್ರ.

ಐದನೆಯದು ಆಯಿಲ್ ಸೀಲ್. ಗೇರ್ ರಾಡ್, ಕಿಕ್ಕರ್, ಮುಂದಿನ ಸಣ್ಣ ಸ್ಪ್ರಾಕೆಟ್ ಇರುವ ಕಡೆ ಇವು ಇರುತ್ತವೆ. ಸೀಲಿನ ಮೇಲೆ ಸಾಮಾನ್ಯವಾಗಿ ಮೂರು ಅಂಕಿಗಳಿರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ, ಎಲ್ಲವೂ ಮಿಲಿಮೀಟರಿನಲ್ಲಿ. ಗಾಡಿ ಕಂಪನಿ ಮುಚ್ಚಿಹೋಗಿದ್ದರೂ ಈ ಅಂಕಿ ಹೇಳಿದರೆ ಬೇರಿಂಗ್ ಅಂಗಡಿಯಲ್ಲಿ ಸೀಲ್ ಸಿಗುವ ಸಾಧ್ಯತೆ ಇದೆ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ ಬರಬೇಕು. ತುಟಿಗೆ ಸ್ವಲ್ಪ ಆಯಿಲ್ ಸವರಿ, ಸಮನಾಗಿ ಒತ್ತಿ ಕೂರಿಸಬೇಕು. ಸ್ಪ್ರಾಕೆಟ್ ಹಿಂದಿನ ಸೀಲ್ ಪದೇ ಪದೇ ಹೋಗುತ್ತಿದ್ದರೆ ಚೈನ್ ತೀರಾ ಬಿಗಿಯಾಗಿದೆಯೇ ನೋಡಿ. ಅದು ಶಾಫ್ಟನ್ನೇ ಎಳೆದು ಸೀಲು ಬೇರಿಂಗು ಎರಡನ್ನೂ ತಿನ್ನುತ್ತದೆ.

ಮುಂದಿನ ಶಾಕ್ ಅಬ್ಸಾರ್ಬರ್ ಸೋರಿದರೆ ಕೂಡಲೇ ಸೀಲ್ ಬದಲಿಸುವ ಮೊದಲು, ಧೂಳಿನ ರಬ್ಬರ್ ಮೇಲೆತ್ತಿ, ಹಳೆ ಫೋಟೋ ಫಿಲ್ಮಿನ ಅಥವಾ ತೆಳು ಪ್ಲಾಸ್ಟಿಕ್ಕಿನ ತುಂಡನ್ನು ಸೀಲಿನ ತುಟಿಯ ಸುತ್ತ ಮೆಲ್ಲಗೆ ಆಡಿಸಿ ಮಣ್ಣು ತೆಗೆಯಿರಿ. ಎಷ್ಟೋ ಸಲ ಇಷ್ಟಕ್ಕೇ ನಿಲ್ಲುತ್ತದೆ.

ಜಾವಾ, ಯೆಜ್ಡಿ, ಬುಲೆಟ್ ಇದ್ದವರಿಗೆ

ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿತು. 1973ರಿಂದ ಯೆಜ್ಡಿ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಇವತ್ತು ಓಡುತ್ತಿರುವ ಮೈಸೂರಿನ ಆ ಹಳೆ ಗಾಡಿಗಳಲ್ಲಿ ಅತಿ ಹೊಸದಕ್ಕೂ ಕಾಲು ಶತಮಾನ ದಾಟಿದೆ. ಇವು ಓಡುತ್ತಿರುವುದು ಮನೆಯವರ ಜೋಪಾನದಿಂದ ಮತ್ತು ಹಳೆ ಮಿಸ್ತ್ರಿಗಳ ಕೈಗುಣದಿಂದ.

ಎರಡು ಸ್ಟ್ರೋಕಿನ ಈ ಗಾಡಿಗಳಲ್ಲಿ ಪಿಸ್ಟನ್ನಿಗೆ ಬೇಕಾದ ಆಯಿಲ್ ಪೆಟ್ರೋಲ್ ಜತೆಗೇ ಹೋಗುತ್ತದೆ. ಕೆಳಗೆ ಸೋರುವುದು ಗೇರ್ ಮತ್ತು ಕ್ಲಚ್ಚಿನ ಆಯಿಲ್. ಕಿಕ್ಕರ್, ಗೇರ್ ಎರಡೂ ಒಂದೇ ಕಡ್ಡಿಯಲ್ಲಿ ಇರುವುದರಿಂದ ಆ ಶಾಫ್ಟಿನ ಜಾಗವನ್ನೇ ಮೊದಲು ನೋಡಿ. ಇನ್ನೊಂದು ವಿಷಯ ಗೊತ್ತಿರಬೇಕು: ನೆಲದ ಮೇಲೆ ಒಂದು ಹನಿಯೂ ಬೀಳದೆ ಗೇರ್ ಆಯಿಲ್ ಕಡಿಮೆಯಾಗುತ್ತಿದ್ದು, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ ಎಂದು ಅನುಮಾನಿಸಿ. ಇಂಜಿನ್ ಗೇರ್ ಆಯಿಲ್ ಹೀರಿ ಸುಡುತ್ತಿರುತ್ತದೆ. ಆರ್‌ಎಕ್ಸ್ 100 ಇದ್ದವರಿಗೂ ಇದೇ ಮಾತು. ಇದು ಪಳಗಿದ ಮೆಕ್ಯಾನಿಕ್ ಮಾಡಬೇಕಾದ ಕೆಲಸ.

ಹಳೆ ಕಾಸ್ಟ್ ಐರನ್ ಬುಲೆಟ್ಟಿನಲ್ಲಿ ಇಂಜಿನ್, ಕ್ಲಚ್ ಕೇಸು, ಗೇರ್ ಬಾಕ್ಸ್ ಮೂರಕ್ಕೂ ಬೇರೆ ಬೇರೆ ಆಯಿಲ್. ಯಾವುದರಿಂದ ಸೋರುತ್ತಿದೆ ಎಂದು ಮೊದಲು ತಿಳಿಯಬೇಕು. ಎಡಗಡೆಯ ಕ್ಲಚ್ ಕವರ್ ನಡುವಿನ ಒಂದೇ ನಟ್ಟಿನ ಮೇಲೆ ನಿಂತಿದೆ, ಸುತ್ತ ರಬ್ಬರ್ ಸೀಲ್ ಇರುತ್ತದೆ. ಸೋರುತ್ತದೆಂದು ನಟ್ಟು ಬಿಗಿಸುತ್ತಾ ಹೋದರೆ ಕವರ್ ಬಾಗಿ ಇನ್ನೂ ಸೋರುತ್ತದೆ. ರಬ್ಬರ್ ಬದಲಿಸುವುದೇ ದಾರಿ. ಬಹಳ ದಿನ ನಿಂತ ಬುಲೆಟ್ಟಿನಲ್ಲಿ ಆಯಿಲ್ ಕೆಳಗಿನ ಭಾಗಕ್ಕೆ ಇಳಿದು ಮಟ್ಟ ಕಡಿಮೆ ಕಾಣುತ್ತದೆ. ಕೂಡಲೇ ಸುರಿಯಬೇಡಿ. ಸ್ವಲ್ಪ ಓಡಿಸಿ ಮತ್ತೆ ನೋಡಿ.

ನಮ್ಮ ಹವೆಗೆ ತಕ್ಕ ಜೋಪಾನ

ನಮ್ಮ ಕಡೆ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ, ಆದ್ದರಿಂದ ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ಮಳೆಗಾಲದಲ್ಲಿ ಹೊಲದಿಂದ ಬಂದ ದಿನವೇ ಇಂಜಿನ್ನಿನ ರೆಕ್ಕೆಗಳ ನಡುವಿನ ಎರೆಮಣ್ಣು ತೆಗೆಯಿರಿ, ಆದರೆ ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಗಾಡಿಯ ಕೈಪಿಡಿಯಲ್ಲಿ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿ. ಇಂಜಿನ್ ಆಯಿಲಿನಲ್ಲೇ ಕ್ಲಚ್ ಮುಳುಗಿರುವ ಗಾಡಿಯಾದರೆ ಡಬ್ಬಿಯ ಮೇಲೆ "ಜಾಸೊ ಎಂಎ" ಎಂದು ಇದೆಯೇ ನೋಡಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಂಭವವಿದೆ. ಸೋರಿಕೆ ನಿಲ್ಲಲಿ ಎಂದು ತೀರಾ ದಪ್ಪ ಆಯಿಲ್ ಹಾಕುವುದೂ ಬೇಡ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದು ಮೇಲಿನ ತನಕ ಏರುವುದು ತಡವಾಗುತ್ತದೆ.

ಒಂದು ಸಣ್ಣ ಪುಸ್ತಕವಿಟ್ಟು, ಆಯಿಲ್ ಬದಲಿಸಿದ ದಿನ, ಕಿಲೋಮೀಟರ್, ನಡುವೆ ಸುರಿದ ಆಯಿಲ್ ಎಷ್ಟು ಎಂದು ಬರೆಯಿರಿ. ಸುರಿಯುವುದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಸೋರಿಕೆ ದೊಡ್ಡದಾಗುತ್ತಿದೆ, ಇಲ್ಲವೇ ಇಂಜಿನ್ ಆಯಿಲ್ ತಿನ್ನುತ್ತಿದೆ ಎಂದು ಅರ್ಥ.

ಹೆಡ್ ಮತ್ತು ಬ್ಲಾಕಿನ ನಡುವೆ ಸೋರಿಕೆ, ಕೇಸಿನಲ್ಲಿ ಬಿರುಕು, ಥ್ರೆಡ್ ಹೋದ ಬೋಲ್ಟು, ಕ್ರ್ಯಾಂಕ್ ಸೀಲ್, ಆಯಿಲ್ ಜತೆ ಲೋಹದ ಪುಡಿ: ಈ ಐದರಲ್ಲಿ ಯಾವುದು ಕಂಡರೂ ಮನೆಯ ಕೆಲಸ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಹೋಗಿ. ಹಿಂದಿನ ಟೈರಿಗೆ ಆಯಿಲ್ ತಾಗಿದ್ದರೆ ಸೋಪು ನೀರಿನಲ್ಲಿ ತೊಳೆಯದೆ ಗಾಡಿ ಹತ್ತಬೇಡಿ. ಬ್ರೇಕ್ ಶೂ ಆಯಿಲ್ ಕುಡಿದಿದ್ದರೆ ಬದಲಿಸಲೇಬೇಕು.

ತೆಗೆದ ಆಯಿಲ್ ಏನು ಮಾಡುವುದು?

ಕಪ್ಪು ಆಯಿಲನ್ನು ಬೇಲಿಗೆ, ಚರಂಡಿಗೆ ಸುರಿಯುವುದು, ಗೆದ್ದಲಿಗೆಂದು ಕಂಬಕ್ಕೆ ಬಳಿಯುವುದು, ದನದ ಗಾಯಕ್ಕೆ ಹಚ್ಚುವುದು ಹಳ್ಳಿಗಳಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಅದರಲ್ಲಿ ಸವೆದ ಲೋಹ, ಸುಟ್ಟ ಪೆಟ್ರೋಲಿನ ಕೆಟ್ಟ ಅಂಶಗಳು ಇರುತ್ತವೆ. 2016ರ ಕೇಂದ್ರ ನಿಯಮಗಳು ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲೇ ಸೇರಿಸಿವೆ. ಬೋರು, ಬಾವಿಯ ನೀರೇ ಗತಿಯಾದ ನಮ್ಮ ಊರುಗಳಲ್ಲಿ ನೆಲಕ್ಕೆ ಸುರಿದದ್ದು ನಮ್ಮ ಬಿಂದಿಗೆಗೇ ಬರಬಹುದು. ಹಳೆ ಡಬ್ಬಿಯಲ್ಲಿ ತುಂಬಿಟ್ಟು, ಬಳಸಿದ ಆಯಿಲ್ ಸಂಗ್ರಹಿಸುವ ಸರ್ವಿಸ್ ಅಂಗಡಿಗೆ ಕೊಡಿ. ಕೆಲಸ ಮಾಡುವಾಗ ಕೈಗವಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

ಕಾಗದಪತ್ರದ ಒಂದು ಮಾತು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ದು ನವೀಕರಿಸಬೇಕು. ದಿನವೂ ಗಡಿ ದಾಟುವ ನಮಗೆ ಇದು ಮರೆಯಬಾರದ ತಾರೀಖು. ಸೋರಿಕೆ, ಹೊಗೆ ಇಲ್ಲದ ಗಾಡಿಯನ್ನು ಧೈರ್ಯವಾಗಿ ಒಯ್ಯಬಹುದು.

ಗಡಿಯ ಆ ಕಡೆ ತೆಲುಗು, ಈ ಕಡೆ ಕನ್ನಡ. ಮೆಕ್ಯಾನಿಕ್ ಅಂಗಡಿಯಲ್ಲಿ ಮಾತ್ರ ವಾಷರ್, ಸೀಲ್, ಪ್ಯಾಕಿಂಗ್ ಎಂಬ ಒಂದೇ ಭಾಷೆ. ನಿಮ್ಮ ಮನೆಯ ಹಿರಿಯರಿಗೆ ಹಳೆ ಗಾಡಿಯ ಕೆಲಸ ಗೊತ್ತಿದ್ದರೆ, ಈ ಭಾನುವಾರ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಆಯಿಲ್ ಬದಲಿಸಿ ತೋರಿಸಲು ಹೇಳಿ. ಬರಹ ಉಪಯೋಗವೆನಿಸಿದರೆ ನಿಮ್ಮ ಊರಿನ ಸದಸ್ಯರಿಗೂ ಕಳಿಸಿ.